ಉಣುಗೋಲಿನ ಹತ್ತಿರ ಹೇಳುವ ವಿಷಯ

ನಮ್ಮ ಕಡೆ ಯಾರ ಮನೆಗಾದರೂ ಕೆಲಸ ಇಟ್ಟುಕೊಂಡು ಹೋದರೆ, ಹೋದ ಕೂಡಲೇ ಕೆಲಸ ಹೇಳುವಂತಿಲ್ಲ. ಜಗಲಿಯಲ್ಲಿ ಕೂರಬೇಕು. ಮೊದಲು ಬೆಲ್ಲ ನೀರು ಬರುತ್ತದೆ, ಆಮೇಲೆ ಕಾಫಿ. ಮಳೆ ಹೆಂಗೆ, ಅಡಿಕೆಗೆ ಕೊಳೆ ರೋಗ ಬಂತಾ, ಎರಡನೇ ಸಲ ಔಷಧಿ ಹೊಡೆದಾಯ್ತಾ, ರಾಶಿ ಅಡಿಕೆ ರೇಟು ಎಷ್ಟಕ್ಕೆ ನಿಂತಿದೆ, ಮಗಳು ಇನ್ನೂ ಬೆಂಗಳೂರಲ್ಲೇ ಇದ್ದಾಳಾ. ಒಂದು ಗಂಟೆ ಹೀಗೇ ಹೋಗುತ್ತದೆ. ಮಧ್ಯೆ ಯಾರಾದರೂ "ಎಂತ ಬಂದಿದ್ದು?" ಅಂತ ಕೇಳಿದರೆ "ಎಂತ ಇಲ್ಲ, ಹಂಗೇ ಬಂದೆ" ಅನ್ನಬೇಕು. ಕೊನೆಗೆ ಎದ್ದು, ಚಪ್ಪಲಿ ಮೆಟ್ಟಿ, ಕೊಡೆ ಬಿಡಿಸಿ, ಅಂಗಳ ದಾಟಿ, ಉಣುಗೋಲು ಸರಿಸಿ, ಒಂದು ಕಾಲು ಆಚೆ ಇಟ್ಟ ಮೇಲೆ ತಿರುಗಿ ನಿಂತು, "ಅಲ್ಲಾ, ಒಂದು ವಿಷಯ ಇತ್ತು..." ಬಂದಿದ್ದೇ ಅದಕ್ಕೆ.

ಉಣುಗೋಲು ಗೊತ್ತಿಲ್ಲದವರಿಗೆ: ಎರಡು ಕಂಬಕ್ಕೆ ತೂತು ಕೊರೆದು ಅಡ್ಡಕ್ಕೆ ಗಳ ತೂರಿಸಿರುತ್ತಾರೆ, ದನ ಒಳಗೆ ನುಗ್ಗದ ಹಾಗೆ. ಈಗ ಎಲ್ಲ ಕಡೆ ಕಬ್ಬಿಣದ ಗೇಟು ಬಂದಿದೆ. ಅಭ್ಯಾಸ ಮಾತ್ರ ಹಾಗೇ ಉಳಿದಿದೆ.

ಈ ಅಭ್ಯಾಸದ ಮೇಲೆ ನನಗೆ ಸಿಟ್ಟಿಲ್ಲ. ಎದುರಿಗಿದ್ದವರ ಮುಖ ನೋಡಿ, ಇವತ್ತು ಕೇಳಬಹುದಾ ಬೇಡವಾ ಅಂತ ಅಳೆಯೋಕೆ ಆ ಒಂದು ಗಂಟೆ ಬೇಕಾಗುತ್ತದೆ. ಸಾಲ ಕೇಳಲು ಬಂದವನು ಮನೆಯವರ ಮಾತಿನಲ್ಲೇ ದುಡ್ಡಿಲ್ಲ ಅಂತ ತಿಳಿದು, ಕೇಳದೇ ಹೋಗಿಬಿಡಬಹುದು. ಇಬ್ಬರಿಗೂ ಮರ್ಯಾದೆ. ನನ್ನ ತೊಂದರೆ ಬೇರೆ. ನಾನು ಇಮೇಲನ್ನೂ ಹೀಗೇ ಬರೆಯುತ್ತಿದ್ದೆ.

ಶಿವಮೊಗ್ಗದಿಂದ ಸ್ವಲ್ಪ ಹೊರಗೆ ನನ್ನದೊಂದು ಸಣ್ಣ ಹಾಳೆ ತಟ್ಟೆ ಘಟಕ ಇದೆ. ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಪಟ್ಟೆ, ಅದನ್ನ ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಕೆಲಸ. ನಾಲ್ಕು ಮಷಿನ್, ಏಳು ಜನ. ಕೆಲವು ವರ್ಷಗಳ ಹಿಂದೆ ಜೂನ್ ಕೊನೆಯಲ್ಲಿ ಯುರೋಪಿನ ಒಬ್ಬ ಗಿರಾಕಿಯಿಂದ ಮೇಲ್ ಬಂತು. 10 ಇಂಚಿನ ದುಂಡು ತಟ್ಟೆ 40 ಸಾವಿರ ಬೇಕು, ಆಗಸ್ಟ್ ಮೊದಲ ವಾರ ಹಡಗಿಗೆ ಹಾಕಬೇಕು, ಆಗುತ್ತಾ? ಆಗುತ್ತಿರಲಿಲ್ಲ. ಹಾಳೆ ಒಟ್ಟು ಮಾಡುವುದು ಬೇಸಿಗೆಯಲ್ಲಿ. ಮಳೆ ಹಿಡಿದ ಮೇಲೆ ಬಿದ್ದ ಹಾಳೆ ತೋಟದಲ್ಲೇ ಕಪ್ಪಾಗುತ್ತದೆ, ಒಣಗಿಸೋಕೆ ಬಿಸಿಲಿಲ್ಲ, ಮಾಡಿಟ್ಟ ತಟ್ಟೆಗೂ ಬೂಷ್ಟು ಹಿಡಿಯುತ್ತದೆ. ನನ್ನ ಹತ್ರ ಒಣ ಹಾಳೆ ಇದ್ದಿದ್ದು ಹೆಚ್ಚೆಂದರೆ 12 ಸಾವಿರ ತಟ್ಟೆಗೆ.

ನಾನು ಬರೆದ ಉತ್ತರ ಹೀಗಿತ್ತು. ಮೊದಲ ಸಾಲಲ್ಲಿ ಆರ್ಡರ್ ಕೊಟ್ಟಿದ್ದಕ್ಕೆ ಧನ್ಯವಾದ, ನಿಮ್ಮ ಜೊತೆ ವ್ಯವಹಾರ ಮಾಡೋದು ನಮಗೆ ತುಂಬಾ ಸಂತೋಷ. ಎರಡನೇ ಪ್ಯಾರಾ ಪೂರ್ತಿ ಮಲೆನಾಡಿನ ಮಳೆ, ಅದರಲ್ಲಿ ಆಗುಂಬೆಯೂ ಬಂದು ಹೋಗಿತ್ತು. ಮೂರನೆಯದರಲ್ಲಿ ಹಾಳೆಯ ಗುಣ. ಕಟ್ಟಕಡೆಯ ಸಾಲಲ್ಲಿ, "ಆದ್ದರಿಂದ ಪೂರ್ತಿ ಪ್ರಮಾಣ ಸ್ವಲ್ಪ ಕಷ್ಟ ಆಗಬಹುದು, ಆದರೂ ಪ್ರಯತ್ನ ಮಾಡುತ್ತೇವೆ."

ನಮ್ಮೂರಲ್ಲಿ "ಸ್ವಲ್ಪ ಕಷ್ಟ, ನೋಡಾಣ" ಅಂದರೆ ಆಗಲ್ಲ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆ ಮನುಷ್ಯ ನಮ್ಮೂರಿನವನಲ್ಲ. "ಸಂತೋಷ, ಆಗಸ್ಟ್‌ಗೆ ಕಾಯುತ್ತೇವೆ" ಅಂತ ಒಂದೇ ಸಾಲು ಬರೆದ. ಅವತ್ತೇ ನಾನು ತಿದ್ದಿ ಬರೆಯಬಹುದಿತ್ತು. ಬರೆಯಲಿಲ್ಲ. ಪಾಪ ಅಷ್ಟು ಖುಷಿಯಲ್ಲಿದ್ದಾನೆ, ಈಗಲೇ ಯಾಕೆ ಬೇಜಾರು ಮಾಡೋದು ಅಂತ ಸುಮ್ನಾದೆ. ಜುಲೈ ಕೊನೆಗೆ ನಿಜ ಹೇಳಲೇಬೇಕಾಯ್ತು. ಅಷ್ಟರಲ್ಲಿ ಅವನು ಅಲ್ಲಿ ಅಂಗಡಿಗಳಿಗೆ ಮಾತು ಕೊಟ್ಟಾಗಿತ್ತು. ಆರ್ಡರ್ ಹೋಯ್ತು, ಗಿರಾಕಿಯೂ ಹೋದ. ಅವನ ಕೊನೆಯ ಮೇಲ್ ಈಗಲೂ ನನ್ನ ಹತ್ರ ಇದೆ. ಬೈಗುಳ ಇಲ್ಲ. "ಜೂನ್‌ನಲ್ಲೇ ಆಗಲ್ಲ ಅಂದಿದ್ದರೆ ನನಗೆ ಏನೂ ತೊಂದರೆ ಇರಲಿಲ್ಲ" ಅಂತಷ್ಟೇ ಇದೆ.

ಈಗ ಬರೆಯುವುದಾದರೆ ಮೊದಲ ಸಾಲಲ್ಲೇ ಹೀಗೆ ಬರೆಯುತ್ತೇನೆ: 40 ಸಾವಿರ ತಟ್ಟೆ ಆಗಸ್ಟ್‌ಗೆ ಆಗುವುದಿಲ್ಲ. 12 ಸಾವಿರ ಆಗಸ್ಟ್ 5ಕ್ಕೆ ಕಳಿಸಬಲ್ಲೆ, ಉಳಿದ 28 ಸಾವಿರ ಫೆಬ್ರವರಿ ಕೊನೆಗೆ. ಒಪ್ಪಿಗೆ ಇದ್ದರೆ ಜುಲೈ 2ರೊಳಗೆ ತಿಳಿಸಿ. ಇಷ್ಟಾದ ಮೇಲೆ ಮಳೆಗೆ ಒಂದು ಸಾಲು. ಆಗುಂಬೆ ಬೇಡ.

ಇದನ್ನ ಯಾವುದೋ ಕೋರ್ಸಿನಲ್ಲಿ ಕಲಿತೆ ಅಂದುಕೊಳ್ಳಬೇಡಿ. ನನಗೆ ಚಿಕ್ಕವನಿದ್ದಾಗಲೇ ಕಲಿಸಿದವರಿದ್ದರು, ಕಲಿತದ್ದನ್ನ ಇಮೇಲಿಗೆ ಹಚ್ಚಬೇಕು ಅಂತ ಹೊಳೆದಿರಲಿಲ್ಲ ಅಷ್ಟೆ.

ನನ್ನ ದೊಡ್ಡಪ್ಪ ಸಾಗರದಲ್ಲಿ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯುತ್ತಿದ್ದರು. ಒಂದು ಮಡಿಸುವ ಮೇಜು, ಎರಡು ಕುರ್ಚಿ, ಗೋಂದಿನ ಬಾಟಲಿ, ಕೋರ್ಟ್ ಫೀ ಸ್ಟ್ಯಾಂಪು, ನೀಲಿ ಕಾರ್ಬನ್ ಹಾಳೆ. ಬೇಸಿಗೆ ರಜೆಯಲ್ಲಿ ನಾನು ಅವರ ಪಕ್ಕ ಕೂತು ಫುಲ್‌ಸ್ಕೇಪ್ ಹಾಳೆಯ ಎಡಗಡೆ ಅಂಚು ಮಡಿಸಿ ಕೊಡುತ್ತಿದ್ದೆ. ಅಂಚು ಬಿಡೋದು ಚಂದಕ್ಕೆ ಅಂತ ನಾನು ತಿಳಿದಿದ್ದೆ. ಒಂದು ದಿನ ದೊಡ್ಡಪ್ಪ ಹೇಳಿದರು, "ಮಾರಾಯ, ಇಡೀ ಅರ್ಜಿಯಲ್ಲಿ ಮುಖ್ಯವಾದ ಜಾಗ ಅದೇ. ಅಲ್ಲಿ ಬರೆಯೋದು ನಾವಲ್ಲ, ಸಾಹೇಬ್ರು."

ಅರ್ಜಿ ಒಳಗೆ ಹೋದ ಮೇಲೆ ಅದಕ್ಕೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಟಪಾಲು ನೋಡುವವರ ಕೈ. ಅವರು ಮೊಹರು ಹೊಡೆದು, ನಂಬರ್ ಹಾಕಿ, ಯಾವ ಶಾಖೆಗೆ ಅಂತ ನೋಡುತ್ತಾರೆ. ಅವರು ಓದೋದು "ವಿಷಯ" ಅನ್ನುವ ಒಂದು ಸಾಲು ಮಾತ್ರ. ಆಮೇಲೆ ಸಾಹೇಬರು. ಅವರು ಅಂಚಿನಲ್ಲಿ "ಸ್ಥಳ ಪರಿಶೀಲಿಸಿ ವರದಿ ಕೊಡಿ" ಅಂತಲೋ "ಮಂಡಿಸಿ" ಅಂತಲೋ ಬರೆದು ಗೀಚಿದ ಹಾಗೆ ಸಹಿ ಹಾಕುತ್ತಾರೆ. ಆಮೇಲೆ ಕೇಸ್ ವರ್ಕರ್. ಅವರಿಗೆ ಬೇಕಾಗಿದ್ದು ಸರ್ವೆ ನಂಬರು, ಹಿಂದಿನ ಪತ್ರದ ತಾರೀಕು. ಎಡಗಡೆ ತೂತು ಮಾಡಿ ಟ್ಯಾಗ್ ಕಟ್ಟಿ ಕಡತಕ್ಕೆ ಸೇರಿಸುತ್ತಾರೆ. ಅಂಚು ಬಿಟ್ಟಿಲ್ಲದಿದ್ದರೆ ತೂತು ನಿಮ್ಮ ಅಕ್ಷರದ ಮೇಲೇ ಬೀಳುತ್ತದೆ. ಕೊನೆಗೆ ಊರಿಗೆ ಬರುವ ಗ್ರಾಮ ಲೆಕ್ಕಿಗರಿಗೆ ನಿಮ್ಮ ಮನೆ ಎಲ್ಲಿ ಅಂತ ಬೇಕು. ನಾಲ್ಕೈದು ಕೈ. ಇದರಲ್ಲಿ ಒಬ್ಬರೂ ನಿಮ್ಮ ಮುಖ ನೋಡಿರೋದಿಲ್ಲ, ನಿಮ್ಮ ಜಗಲಿಯಲ್ಲಿ ಕಾಫಿ ಕುಡಿದಿರೋದಿಲ್ಲ.

ಅದಕ್ಕೇ ದೊಡ್ಡಪ್ಪ ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಸಾಹೇಬ್ರು ಇದನ್ನ ಓದಿ ಅಂಚಿನಲ್ಲಿ ಎಂತ ಬರೀಬೇಕು? ಅದನ್ನ ಹೇಳು ಮೊದ್ಲು."

ಒಬ್ಬರು ಬಂದಿದ್ದು ನೆನಪಿದೆ. ಪಹಣಿಯಲ್ಲಿ ಹೆಸರು ತಪ್ಪಾಗಿತ್ತು. ಅವರು ಶುರು ಮಾಡಿದ್ದು ಅಪ್ಪ ಸತ್ತ ವರ್ಷದಿಂದ. ಅಣ್ಣ ತಮ್ಮಂದಿರ ಪಾಲು, ಅತ್ತಿಗೆಯ ಮಾತು, ಬಾವಿಯ ದಾರಿ, ಎಲ್ಲ ಬಂತು. ದೊಡ್ಡಪ್ಪ ಕವಳ ಹಾಕಿಕೊಂಡು ಅಷ್ಟನ್ನೂ ಕೇಳಿದರು. ಬರೆದಿದ್ದು ಐದು ಸಾಲು. ಇಂಥಾ ಸರ್ವೆ ನಂಬರಿನ ಪಹಣಿಯ 9ನೇ ಕಲಂನಲ್ಲಿ ನನ್ನ ಹೆಸರು ಹೀಗಿದೆ, ಅದು ಹೀಗಾಗಬೇಕು, ಆಧಾರಕ್ಕೆ ಈ ಎರಡು ದಾಖಲೆ ಲಗತ್ತಿಸಿದ್ದೇನೆ, ತಿದ್ದುಪಡಿ ಮಾಡಿಕೊಡಿ. ಓದಿ ಹೇಳಿದಾಗ ಆ ಮನುಷ್ಯನ ಮುಖ ಸಪ್ಪಗಾಯ್ತು. "ನನ್ನ ಕಷ್ಟ ಒಂದೂ ಬರೀಲೇ ಇಲ್ವಲ್ಲ ನೀವು." ದೊಡ್ಡಪ್ಪ ನಕ್ಕರು. "ಕಷ್ಟ ನಾನು ಕೇಳಿದ್ನಲ್ಲ, ಸಾಕು. ಅರ್ಜಿಗೆ ಬೇರೆ ಕೆಲಸ ಇದೆ."

ಇಪ್ಪತ್ತು ವರ್ಷ ಇಮೇಲ್ ಬರೆದ ಮೇಲೆ ನನಗೆ ಅನಿಸೋದು, ಅಪರಿಚಿತರಿಗೆ ಕೆಲಸದ ಪತ್ರ ಬರೆಯುವಾಗ ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಈ ಮೇಲ್ ಓದಿದವರು ಮುಂದೆ ಏನು ಬರೀಬೇಕು, ಅಥವಾ ಯಾರಿಗೆ ದಾಟಿಸಬೇಕು? ಅದು ನನಗೇ ಗೊತ್ತಿಲ್ಲದಿದ್ದರೆ ನಾನು ಬರೆಯೋಕೆ ಕೂತಿದ್ದೇ ತಪ್ಪು. ಅಂಥಾ ಹೊತ್ತಲ್ಲಿ ಫೋನ್ ಮಾಡೋದು ವಾಸಿ.

ಅರ್ಜಿಯ ಆಕಾರವನ್ನೇ ನೋಡಿ. ಇಂದ, ಇವರಿಗೆ, ವಿಷಯ, ಉಲ್ಲೇಖ, ಮಾನ್ಯರೇ, ಲಗತ್ತು, ಪ್ರತಿ. ಶಾಲೆಯಲ್ಲಿ ಮೊದಲು ಬರೆದ ರಜೆ ಚೀಟಿಯಲ್ಲೂ ಇದರಲ್ಲಿ ಅರ್ಧ ಇರುತ್ತಿತ್ತು. ಇಮೇಲಿನಲ್ಲಿ ಇದೆಲ್ಲಾ ಇದ್ದೇ ಇದೆ, ಹೆಸರು ಬೇರೆ. ಸಿಸಿ ಅನ್ನೋದು ಕಾರ್ಬನ್ ಕಾಪಿ, ದೊಡ್ಡಪ್ಪನ ಬೆರಳು ನೀಲಿ ಮಾಡುತ್ತಿದ್ದ ಅದೇ ಕಾರ್ಬನ್. ಉಲ್ಲೇಖ ಅಂದರೆ ಹಳೇ ಮೇಲಿಗೇ ರಿಪ್ಲೈ ಮಾಡೋದು. ಹೊಸ ವಿಷಯ ಇದ್ದಾಗ ಹಳೇ ಮೇಲನ್ನೇ ಎಳೆದು ತಂದು ಅದರ ಬುಡದಲ್ಲಿ ಬರೆಯುವವರಿದ್ದಾರೆ. ಅದು ಜಮೀನಿನ ಕಡತಕ್ಕೆ ರೇಷನ್ ಕಾರ್ಡಿನ ಅರ್ಜಿ ಸೇರಿಸಿದ ಹಾಗೆ. ಆಮೇಲೆ ಹುಡುಕಿದರೆ ದೇವರಾಣೆ ಸಿಗಲ್ಲ.

ಇಷ್ಟೆಲ್ಲ ಹುಟ್ಟಿನಿಂದ ಬಂದಿದ್ದರೂ ನಾವು ಮೇಲಿನ ವಿಷಯದ ಜಾಗದಲ್ಲಿ ಬರೆಯೋದು "ಹಾಯ್", "ಅರ್ಜೆಂಟ್", "ರಿಕ್ವೆಸ್ಟ್". ಕೆಲವರು ಖಾಲಿ ಬಿಡುತ್ತಾರೆ. ಟಪಾಲಿನವರ ಕೈಗೆ ಹಾಗೆ ಕೊಟ್ಟಿದ್ದರೆ ಅದು ಮೇಜಿನ ಕೆಳಗೇ ಇರುತ್ತಿತ್ತು. ನಾನೀಗ ವಿಷಯದ ಸಾಲಲ್ಲೇ ಅರ್ಧ ಪತ್ರ ಮುಗಿಸುತ್ತೇನೆ. "ಬಿಲ್ 118, ರೂ. 46,200, ಮಾರ್ಚ್ 10ಕ್ಕೆ ಬರಬೇಕಿತ್ತು" ಅಂತ ಇದ್ದರೆ ಆ ಮೇಲನ್ನ ತೆರೆಯದೆಯೂ ಅಕೌಂಟ್ಸ್‌ನವರು ದುಡ್ಡು ಹಾಕಬಹುದು. ಹಾಕಿದ್ದೂ ಇದೆ.

ಇನ್ನು ಕುಶಲ ಪ್ರಶ್ನೆ. ಹಿಂದೆ ಮನೆಗೆ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರಗಳಲ್ಲಿ ಮೇಲೆ ಶ್ರೀ, ಅದರ ಕೆಳಗೆ ಕ್ಷೇಮ, ಆಮೇಲೆ "ಉಭಯ ಕುಶಲೋಪರಿ ಸಾಂಪ್ರತ". ನಮ್ಮಲ್ಲಿ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ. ಅಲ್ಲಿಂದ ಮುಂದೆ ಪತ್ರ ಶುರು ಅಂತ ಲೆಕ್ಕ. ಇವತ್ತು ನನಗೆ ಬರುವ ಹತ್ತು ಇಮೇಲಿನಲ್ಲಿ ಏಳು "ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯು ವೆಲ್" ಅಂತ ಶುರುವಾಗುತ್ತವೆ. ಉಭಯ ಕುಶಲೋಪರಿಯೇ ಕೋಟು ಹಾಕಿಕೊಂಡು ಬಂದಿದೆ, ಅಲ್ವಾ? ಈಗ ಕಂಪ್ಯೂಟರೇ ಪತ್ರ ಬರೆದು ಕೊಡುವ ಕಾಲ, ಅದಂತೂ ಈ ಸಾಲು ಬಿಟ್ಟು ಹೆಜ್ಜೆ ಇಡಲ್ಲ. ಗೊತ್ತಿರುವ ಗಿರಾಕಿಯ ಊರಲ್ಲಿ ನೆರೆ ಬಂದಿದ್ದರೆ ನಾನು ಖಂಡಿತ ಕೇಳುತ್ತೇನೆ. ಕೊನೆಯಲ್ಲಿ ಕೇಳುತ್ತೇನೆ. ಸುದ್ದಿ ಮೊದಲು ಹೇಳಿ ಆಮೇಲೆ ಕೂತು ಕಾಫಿ ಕುಡಿಯುವ ಲೆಕ್ಕ. ಮಲೆನಾಡಿನವರಿಗೆ ಇದು ಉಲ್ಟಾ ಅನಿಸುತ್ತದೆ, ನನಗೂ ಮೊದಮೊದಲು ಕೈ ನಡುಗುತ್ತಿತ್ತು. ಬಾಗಿಲಲ್ಲೇ ನಿಂತು ದುಡ್ಡು ಕೇಳಿದ ಹಾಗೆ.

"ಡು ದ ನೀಡ್‌ಫುಲ್" ಅನ್ನುವ ಮಾತಿನ ಬಗ್ಗೆ ನನಗೆ ಬಹಳ ದಿನದಿಂದ ಒಂದು ಅನುಮಾನ. ಅದು ನಮ್ಮ "ಮುಂದಿನ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ" ಅನ್ನೋದರ ಅಣ್ಣನೋ ತಮ್ಮನೋ ಇರಬೇಕು. ಎರಡರಲ್ಲೂ ಏನು ಮಾಡಬೇಕು ಅಂತ ಹೇಳುವ ಕಷ್ಟವನ್ನ ಓದುವವರ ತಲೆಗೆ ಕಟ್ಟಿರುತ್ತೇವೆ. ಯಾವ ಕ್ರಮ? ಯಾರು? ಯಾವತ್ತು? ನಾನೇ ಒಮ್ಮೆ ನಮ್ಮ ಘಟಕದ ಕರೆಂಟ್ ಲೈನ್ ಮೇಲೆ ವಾಲಿದ್ದ ಮರದ ಬಗ್ಗೆ ಸಂಬಂಧಪಟ್ಟ ಕಚೇರಿಗೆ ಎರಡು ಪುಟ ಬರೆದಿದ್ದೆ. ಮರದ ಚರಿತ್ರೆ, ಹಿಂದಿನ ವರ್ಷದ ಗಾಳಿ, ಮಕ್ಕಳು ಓಡಾಡುವ ದಾರಿ, ಕೊನೆಗೆ ಸೂಕ್ತ ಕ್ರಮ. ಒಂದೂವರೆ ತಿಂಗಳು ಸುದ್ದಿ ಇಲ್ಲ. ಸಿಟ್ಟು ಬಂದು ದೊಡ್ಡಪ್ಪನಿಗೆ ತೋರಿಸಿದೆ. ಅವರಿಗೆ ಆಗಲೇ ಕಣ್ಣು ಮಂಜಾಗಿತ್ತು, ನನ್ನ ಕೈಲೇ ಓದಿಸಿದರು. "ಕರೆಂಟ್ ಮೀಟರಿನ ಆರ್.ಆರ್. ನಂಬರ್ ಎಲ್ಲಿ? ಎಷ್ಟನೇ ಕಂಬ? ಲೈನ್‌ಮ್ಯಾನ್ ಬಂದ್ರೆ ಯಾರ ಮನೇಲಿ ಕೇಳ್ಬೇಕು?" ಮೂರೂ ಇರಲಿಲ್ಲ. ಹೊಸದಾಗಿ ಬರೆದ ಪತ್ರ ಏಳು ಸಾಲು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆ. ಕೊಂಬೆ ಕಡಿದರು. ಪತ್ರ ಚೆನ್ನಾಗಿತ್ತು ಅಂತಲೇ ಕಡಿದರು ಅನ್ನಲಾರೆ. ಅಷ್ಟರಲ್ಲಿ ಒಂದು ಕೊಂಬೆ ಮುರಿದು ಬಿದ್ದೂ ಆಗಿತ್ತು.

ಸ್ವೀಕೃತಿ ಅಂದೆನಲ್ಲ, ಆ ಮೊಹರು ಬಿದ್ದ ನಕಲು ದೊಡ್ಡಪ್ಪನಿಗೆ ದೇವರ ಪ್ರಸಾದದ ಹಾಗೆ. ಅಂಚೆಯಲ್ಲಾದರೆ ರಿಜಿಸ್ಟರ್ಡ್ ಪೋಸ್ಟು, ತಲುಪಿದ್ದಕ್ಕೆ ಸಹಿ ಬಿದ್ದು ವಾಪಸ್ ಬರುವ ಎ.ಡಿ. ಕಾರ್ಡು ಸಮೇತ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ ಸುದ್ದಿ ಓದಿದಾಗ ನನಗೆ ಅವರ ಕಪಾಟಿನಲ್ಲಿದ್ದ ಆ ಕಾರ್ಡುಗಳ ಕಟ್ಟು ನೆನಪಾಯ್ತು. ಇಮೇಲಿನಲ್ಲಿ ಮೊಹರು ಇಲ್ಲ. ಹಾಗಾಗಿ ನಾನು "ತಲುಪಿದೆ ಅಂತ ಒಂದು ಸಾಲು ಬರೆಯಿರಿ" ಅಂತ ಕೇಳುತ್ತೇನೆ. ಫೋನಿನಲ್ಲಿ ರೇಟು ಮಾತಾಡಿದರೆ ಅವತ್ತು ಸಂಜೆಯೊಳಗೆ "ಇವತ್ತು ನಾವು ಮಾತಾಡಿದ್ದು ಇಷ್ಟು" ಅಂತ ನಾಲ್ಕು ಸಾಲು ಕಳಿಸುತ್ತೇನೆ. ಇದರಿಂದ ಸಂಬಂಧ ಕೆಡುತ್ತದೆ ಅಂತ ನಮ್ಮವರು ಹೆದರುತ್ತಾರೆ. ನನ್ನ ಅನುಭವದಲ್ಲಿ ಕೆಟ್ಟಿದ್ದೆಲ್ಲ ಬರೆಯದೇ ಬಿಟ್ಟ ವ್ಯವಹಾರಗಳೇ.

ಉದ್ದದ ಬಗ್ಗೆ ಒಂದು ಮಾತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. 2008ರಲ್ಲಿ ನಮ್ಮ ರಾಜ್ಯದ ನಿಯಮಕ್ಕೆ ಒಂದು ತಿದ್ದುಪಡಿ ಸೇರಿಸಿದರು: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಜನರ ಬಾಯಿ ಕಟ್ಟುವ ನಿಯಮ ಅಂತ ತುಂಬಾ ಜನ ವಿರೋಧಿಸಿದರು, ನನಗೂ ಅದು ಸರಿ ಕಾಣಲ್ಲ. ಬರೆಯಲು ಬಾರದವರು ಪದ ಎಣಿಸುತ್ತಾ ಕೂರಬೇಕಾ? ಆದರೆ ಆ ಹೊತ್ತಿಗೆ ಮನೆಯಲ್ಲೇ ಇದ್ದ ದೊಡ್ಡಪ್ಪ ಮಾತ್ರ ತಮ್ಮ ಹಳೇ ಕಾರ್ಬನ್ ಪ್ರತಿಗಳನ್ನ ತೆಗೆದು ಎಣಿಸೋಕೆ ಶುರು ಮಾಡಿದರು. ಒಂದೊಂದೂ ತೊಂಬತ್ತು, ನೂರಾಹತ್ತು. ಅವತ್ತು ಊಟಕ್ಕೆ ಕೂತಾಗಲೂ ಅವರ ಮುಖದಲ್ಲಿ ನಗು ಇತ್ತು. ಆಮೇಲೆ ನನಗೂ ಚಟ ಹತ್ತಿತು. ಮೇಲ್ 150 ದಾಟಿದರೆ ಒಂದು ಸಲ ನಿಂತು ನೋಡುತ್ತೇನೆ. ಸಾಮಾನ್ಯವಾಗಿ ಎರಡು ವಿಷಯ ಒಂದರಲ್ಲೇ ತುರುಕಿರುತ್ತೇನೆ. ಎರಡು ಪ್ರಶ್ನೆ ಕೇಳಿದರೆ ಉತ್ತರ ಬರೋದು ಸುಲಭದ ಪ್ರಶ್ನೆಗೆ ಮಾತ್ರ, ಕಷ್ಟದ್ದನ್ನ ಅವರು ಜಾಣತನದಿಂದ ಮರೆಯುತ್ತಾರೆ.

ಕೆಟ್ಟ ಸುದ್ದಿ ಬರೆಯೋದು ಎಲ್ಲಕ್ಕಿಂತ ಕಷ್ಟ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳ ಮೇಲೆ ಆಮದು ಎಚ್ಚರಿಕೆ ಹೊರಡಿಸಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಅನ್ನುವ ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅನ್ನೋದು ಅವರ ಆತಂಕ. ನಾನು ಅಮೆರಿಕಕ್ಕೆ ನೇರ ಕಳಿಸುತ್ತಿರಲಿಲ್ಲ. ಆದರೂ ಸುದ್ದಿ ಬಂದ ವಾರದಲ್ಲೇ ಬೇರೆ ದೇಶದ ಗಿರಾಕಿಗಳಿಂದ ಮೇಲ್ ಶುರುವಾದವು. ನಮ್ಮ ಉದ್ಯಮದ ಗೆಳೆಯರೊಬ್ಬರು ಎಲ್ಲರಿಗೂ ಒಂದೇ ಪತ್ರ ಕಳಿಸಿದರು. ನಮ್ಮ ಹಿರಿಯರು ಹಾಳೆಯಲ್ಲೇ ಉಣ್ಣುತ್ತಿದ್ದರು, ಇದು ಪ್ರಕೃತಿಯ ಕೊಡುಗೆ, ಭಯ ಬೇಡ ಅಂತ. ಮನಸ್ಸಿಗೆ ಹಿತವಾದ ಪತ್ರ. ಓದಿದವರಿಗೆ ಅದರಿಂದ ಒಂದು ಕೆಲಸವೂ ಆಗಲ್ಲ. ಆ ಗಿರಾಕಿಗೆ ಅಲ್ಲಿ ಅವನ ಮೇಲಿನವರಿದ್ದಾರೆ, ಅವರು ಅಂಚಿನಲ್ಲಿ ಏನೋ ಬರೆಯಬೇಕು. ನಾನು ಬರೆದಿದ್ದು ಇಷ್ಟು: ಎಚ್ಚರಿಕೆ ಹೊರಟಿರೋದು ಅಮೆರಿಕದ ಆಮದಿಗೆ. ನಿಮ್ಮ ದೇಶದ ನಿಯಮ ನಿಮ್ಮ ಕಡೆಯಿಂದ ಒಮ್ಮೆ ವಿಚಾರಿಸಿಕೊಳ್ಳಿ. ನನ್ನ ಬಳಿ ಆಲ್ಕಲಾಯ್ಡ್ ಪರೀಕ್ಷೆಯ ವರದಿ ಇಲ್ಲ. ಮಾದರಿ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ, ವರದಿ ಹೇಗೇ ಬರಲಿ ನಿಮಗೆ ಕಳಿಸುತ್ತೇನೆ. ಅಲ್ಲಿಯವರೆಗೆ ಆರ್ಡರ್ ತಡೆಹಿಡಿಯುವುದಾದರೆ ಬೇಸರ ಇಲ್ಲ.

"ವರದಿ ಇಲ್ಲ" ಅನ್ನೋ ಸಾಲು ಬರೆಯೋಕೆ ನನಗೆ ಅರ್ಧ ದಿನ ಹಿಡಿಯಿತು. ಅದನ್ನ ನಾಲ್ಕನೇ ಪ್ಯಾರಾಕ್ಕೆ ತಳ್ಳಿದೆ, ಮತ್ತೆ ಮೇಲೆ ತಂದೆ, ಮತ್ತೆ ಕೆಳಗೆ. ಉಣುಗೋಲು ಎಳೆಯುತ್ತಿತ್ತು. ಇಬ್ಬರು ಆರ್ಡರ್ ನಿಲ್ಲಿಸಿದರು. ಒಬ್ಬರು, ಹೀಗೆ ನೇರ ಹೇಳಿದ್ದಕ್ಕೆ ಧನ್ಯವಾದ ಅಂತ ಬರೆದು, ಆಮೇಲೆ ಅವರೂ ನಿಲ್ಲಿಸಿದರು. ನೇರ ಬರೆದರೆ ವ್ಯಾಪಾರ ಉಳಿಯುತ್ತದೆ ಅಂತೇನಿಲ್ಲ. ಆದರೆ ಮೂವರೂ ಈಗಲೂ ನನ್ನ ಮೇಲಿಗೆ ಅವತ್ತೇ ಉತ್ತರ ಕೊಡುತ್ತಾರೆ.

ಬಾಕಿ ಕೇಳುವ ಪತ್ರದಲ್ಲಿ ಮಾತ್ರ ನಾನು ಇನ್ನೂ ಪೂರ್ತಿ ಗೆದ್ದಿಲ್ಲ. ಅದು ನಮ್ಮದೇ ದುಡ್ಡು, ಆದರೂ ಕೇಳುವಾಗ ನಾವೇ ಕಳ್ಳರ ಹಾಗೆ ಆಡುತ್ತೇವೆ. "ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ", "ಸಾಧ್ಯವಾದರೆ", "ಸಮಯ ಸಿಕ್ಕಾಗ". ಸಮಯ ಯಾವತ್ತೂ ಸಿಗಲ್ಲ. ಈಗ ಮೊದಲ ಪತ್ರದಲ್ಲಿ ಬಿಲ್ ನಂಬರ್, ತಾರೀಕು, ಮೊತ್ತ, ಬ್ಯಾಂಕ್ ವಿವರ ಇಷ್ಟೇ. ಬಿಲ್ಲಿನ ಪ್ರತಿಯನ್ನ ಮತ್ತೆ ಲಗತ್ತಿಸುತ್ತೇನೆ, "ಬಿಲ್ ಸಿಕ್ಕಿಲ್ಲ" ಅನ್ನೋ ಉತ್ತರಕ್ಕೆ ಜಾಗ ಇರದ ಹಾಗೆ. ಎರಡನೇ ಪತ್ರದಲ್ಲಿ ಒಂದು ತಾರೀಕು ಕೇಳುತ್ತೇನೆ. ಮೂರನೆಯದರಲ್ಲಿ ಮಾತ್ರ ಕಾಯ್ದೆ. ನೋಂದಾಯಿಸಿದ ಸಣ್ಣ ಉದ್ಯಮಕ್ಕೆ, ಒಪ್ಪಂದ ಏನೇ ಇದ್ದರೂ, ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿದೆ. ಇದನ್ನ ಮೊದಲ ಪತ್ರದಲ್ಲೇ ಬರೆದರೆ ಜಗಳಕ್ಕೆ ಬಂದ ಹಾಗಾಗುತ್ತದೆ. ಮೂರನೆಯದರಲ್ಲಿ, ಏರು ದನಿ ಇಲ್ಲದೆ, ಒಂದೇ ಸಾಲು. ಅದಾದ ಮೇಲೆ ಬಂದ ಚೆಕ್ಕುಗಳು ಕೆಲವಿವೆ.

ಇನ್ನು ಚಿಲ್ಲರೆ ಸಂಗತಿ. ಲಗತ್ತಿಸಿದ್ದೇನೆ ಅಂತ ಬರೆದು ಲಗತ್ತಿಸದೇ ಕಳಿಸೋದು ಲೋಕಾರೂಢಿ. ಅದಕ್ಕೆ ನಾನು ಮೊದಲು ಫೈಲ್ ಹಾಕಿ, ಆಮೇಲೆ ಪತ್ರ ಬರೆದು, ವಿಳಾಸ ಕಟ್ಟಕಡೆಗೆ ಹಾಕುತ್ತೇನೆ. ವಿಳಾಸ ಇಲ್ಲದ ಪತ್ರ ಆಕಸ್ಮಿಕವಾಗಿ ಹೋಗಲ್ಲ. ಜಿಮೇಲ್‌ನಲ್ಲಿ ಕಳಿಸಿದ್ದನ್ನ ವಾಪಸ್ ಎಳೆಯೋಕೆ 30 ಸೆಕೆಂಡ್‌ವರೆಗೂ ಅವಕಾಶ ಇಟ್ಟುಕೊಳ್ಳಬಹುದು, ಸೆಟ್ಟಿಂಗ್‌ನಲ್ಲಿ ಬದಲಾಯಿಸಬೇಕು ಅಷ್ಟೆ. ಒಮ್ಮೆ ರೇಟ್ ಪಟ್ಟಿಯನ್ನ ನಲವತ್ತು ಗಿರಾಕಿಗಳ ವಿಳಾಸ ಒಟ್ಟಿಗೇ ಕಾಣುವ ಹಾಗೆ ಕಳಿಸಿದ್ದೆ. ವಿಳಾಸ ಮರೆಮಾಡುವ ಬಿಸಿಸಿ ಯಾಕಿದೆ ಅಂತ ಅವತ್ತು ಗೊತ್ತಾಯ್ತು, ಎದುರಾಳಿ ವ್ಯಾಪಾರಿಗೂ ಗೊತ್ತಾಯ್ತು. ಮತ್ತೆ "ಡಿಯರ್ ಸರ್" ಅಂತ ಎರಡು ವರ್ಷ ಬರೆದ ಮೇಲೆ ಆ ಕಡೆಯವರು ಹೆಂಗಸು ಅಂತ ತಿಳಿಯಿತು. ಆಕೆ ಏನೂ ಅನ್ನಲಿಲ್ಲ, ಪಾಪ. ಈಗ ಹೆಸರು ನೋಡಿ ಹೆಸರಲ್ಲೇ ಬರೆಯುತ್ತೇನೆ. ವಯಸ್ಸಾದವರನ್ನ ಬರೀ ಹೆಸರು ಹಿಡಿದು ಕರೆಯುವಾಗ ಮನಸ್ಸಿನಲ್ಲೇ ಒಂದು "ಅವರೇ" ಸೇರಿಸಿಕೊಳ್ಳುತ್ತೇನೆ.

ಕನ್ನಡದಲ್ಲಿ ಕಳಿಸುವವರು ಒಂದು ಗಮನಿಸಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಮೇಲಿಗೆ ಅಂಟಿಸಿದರೆ ಆ ಕಡೆ ಕಾಣೋದು ಅಕ್ಷರ ಅಲ್ಲ, ಇರುವೆ ಸಾಲು. ಯೂನಿಕೋಡ್‌ನಲ್ಲಿ ಬರೆಯಿರಿ, ಇಲ್ಲ ಪಿಡಿಎಫ್ ಮಾಡಿ. ಮತ್ತೆ ಕನ್ನಡದ ಪತ್ರದಲ್ಲಿ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಬರೆಯಬೇಕಾ ಅಂತ ಕೆಲವರು ಕೇಳುತ್ತಾರೆ. ಬರೆಯಿರಿ, ತಪ್ಪಿಲ್ಲ. ಒಳಗೆ ಬರುವಾಗ ಚಪ್ಪಲಿ ಬಿಟ್ಟ ಹಾಗೆ ಅದು. ಚಪ್ಪಲಿ ಬಿಡೋದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳಬೇಡಿ.

ನಮ್ಮ ಕಡೆ ಇರೋದರಿಂದ ಒಂದು ಲಾಭವೂ ಇದೆ. ಊರಿನ ಮನೆಯಲ್ಲಿದ್ದಾಗ ಗಾಳಿ ಮಳೆ ಬಂದರೆ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ನೆಟ್‌ವರ್ಕೂ. ಹೋದ ಆಷಾಢದಲ್ಲಿ ಒಬ್ಬ ಸಾಗಣೆಯವನ ಮೇಲೆ ಸಿಟ್ಟು ಬಂದು, ಪೆಟ್ಟಿಗೆಗಳನ್ನ ಮಳೆಯಲ್ಲಿ ನೆನೆಸಿದ್ದಕ್ಕೆ, ರಾತ್ರಿ ಹನ್ನೊಂದಕ್ಕೆ ಕೂತು ಬೆಂಕಿಯಂಥಾ ಮೇಲ್ ಬರೆದೆ. ಕಳಿಸು ಅಂತ ಒತ್ತಿದೆ. ಹೋಗಲಿಲ್ಲ. ಬೆಳಿಗ್ಗೆ ಸಿಗ್ನಲ್ ಹುಡುಕಿಕೊಂಡು ದರೆ ಹತ್ತಿ, ನೀರು ಸೋರುವ ಕೊಡೆ ಕೆಳಗೆ ನಿಂತು ಮತ್ತೆ ಓದಿದೆ. ನಾಲ್ಕು ಪ್ಯಾರಾದಲ್ಲಿ ಅವನ ಅಪ್ಪ ಅಜ್ಜ ಎಲ್ಲ ಇದ್ದರು. ಎಷ್ಟು ಪೆಟ್ಟಿಗೆ ನೆನೆದಿದೆ, ನನಗೆ ಎಷ್ಟು ಪರಿಹಾರ ಬೇಕು ಅನ್ನೋದು ಎಲ್ಲೂ ಇರಲಿಲ್ಲ. ಅಳಿಸಿದೆ. 22 ಪೆಟ್ಟಿಗೆ, ಫೋಟೋ ಲಗತ್ತಿಸಿದೆ, ಇಷ್ಟು ಮೊತ್ತವನ್ನ ಈ ತಿಂಗಳ ಬಿಲ್ಲಿನಲ್ಲಿ ಕಳೆಯುತ್ತೇನೆ, ಆಕ್ಷೇಪ ಇದ್ದರೆ ಶುಕ್ರವಾರದೊಳಗೆ ತಿಳಿಸಿ. ಅವನು ಫೋನ್ ಮಾಡಿ, ಅರ್ಧ ಒಪ್ಪಿಕೊಂಡ. ಅರ್ಧಕ್ಕೆ ಇನ್ನೂ ಚೌಕಾಸಿ ನಡೀತಿದೆ.

ಮೊನ್ನೆ ಊರಲ್ಲಿದ್ದಾಗ ಪಕ್ಕದ ಮನೆಯ ಮಾವ ಬಂದರು. ಜಗಲಿಯಲ್ಲಿ ಕೂತರು. ಮಳೆ ಆಯ್ತು, ಮಂಗ ತೋಟಕ್ಕೆ ನುಗ್ಗಿದ್ದು ಆಯ್ತು, ಸಿಗಂದೂರು ಸೇತುವೆ ಆದ ಮೇಲೆ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ನೋಡೋಕೇ ಬೇಜಾರು ಅನ್ನೋದೂ ಆಯ್ತು. ಎರಡು ಲೋಟ ಕಾಫಿ ಮುಗೀತು. ಎದ್ದರು, ಕೊಡೆ ತಗೊಂಡರು, ಅಂಗಳ ದಾಟಿ ಗೇಟಿನ ಚಿಲಕಕ್ಕೆ ಕೈ ಹಾಕಿ ತಿರುಗಿದರು.

"ಅಲ್ಲಾ ಮಾರಾಯ, ಒಂದು ಅರ್ಜಿ ಬರೀಬೇಕಿತ್ತು."

ಒಳಗೆ ಕರೆದೆ. ಹಾಳೆ ತೆಗೆದು, ಎಡಗಡೆ ಅಂಚು ಮಡಿಸಿ, ಪೆನ್ನು ಹಿಡಿದು, ದೊಡ್ಡಪ್ಪನ ದನಿಯಲ್ಲೇ ಕೇಳಿದೆ: "ಮಾವ, ಸಾಹೇಬ್ರು ಇದನ್ನ ಓದಿ ಅಂಚಿನಲ್ಲಿ ಎಂತ ಬರೀಬೇಕು?"

ಮಾವ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಅಷ್ಟು ಗೊತ್ತಿದ್ರೆ ನಾನ್ಯಾಕೆ ನಿನ್ನ ಹತ್ರ ಬರ್ತಿದ್ದೆ?" ಅಂದು, ಕೊಡೆ ಮಡಿಸಿ ಗೋಡೆಗೆ ಒರಗಿಸಿ, ಅವರ ಅಪ್ಪ ಬಾವಿ ತೋಡಿಸಿದ ವರ್ಷದಿಂದ ಶುರು ಮಾಡಿದರು.